ಗರ್ಭಪಾತದ ಬಗ್ಗೆ ಬೈಬಲಿನಲ್ಲಿ ಏನಿದೆ, ಸುದ್ದಿಯಲ್ಲಿ ಏನು ಬರುತ್ತಿದೆ?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ತಲೆಮಾರುಗಳಿಂದ ಪ್ರೊಟೆಸ್ಟೆಂಟ್ ಸಭೆಗೆ ಸೇರಿದವರು. ಮಗಳು ಟೆಕ್ಸಾಸಿನಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಅಲ್ಲಿನ ಟಿವಿಯಲ್ಲಿ ದಿನವೂ ಗರ್ಭಪಾತದ್ದೇ ಜಗಳ. ಒಬ್ಬರು ‘ಬೈಬಲ್ ಇದನ್ನು ಕೊಲೆ ಎನ್ನುತ್ತದೆ’ ಅಂದರೆ, ಇನ್ನೊಬ್ಬರು ‘ಬೈಬಲಿನಲ್ಲಿ ಆ ಮಾತೇ ಇಲ್ಲ, ಅರಣ್ಯಕಾಂಡದ ಐದನೇ ಅಧ್ಯಾಯದಲ್ಲಿ ದೇವರೇ ಗರ್ಭ ಇಳಿಸುವ ವಿಧಾನ ಹೇಳಿದ್ದಾನೆ’ ಅನ್ನುತ್ತಾರೆ. ಈಗ ಅದೇ ಜಗಳ ನಮ್ಮ ಸಭೆಯ ವಾಟ್ಸಾಪ್ ಗುಂಪಿಗೂ ಬಂದಿದೆ. ಐರ್ಲೆಂಡಿನ ಆಸ್ಪತ್ರೆಯಲ್ಲಿ ಗರ್ಭಿಣಿಯಾಗಿದ್ದಾಗ ತೀರಿಕೊಂಡ ಬೆಳಗಾವಿಯ ಸವಿತಾ ಸತ್ತದ್ದು ಬೈಬಲಿನಿಂದಲೇ ಎಂದೂ ಯಾರೋ ಕಳಿಸಿದ್ದಾರೆ. ಮುಂದಿನ ತಿಂಗಳು ಸ್ತ್ರೀಯರ ಕೂಟದಲ್ಲಿ ಇದರ ಮೇಲೆ ಅರ್ಧ ಗಂಟೆ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಯಾವುದನ್ನು ನಂಬಲಿ? ಇನ್ನೊಂದು ಮಾತು. ನನ್ನ ಸೊಸೆಗೆ ಮೂರನೇ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಮಿಸ್ಡ್ ಅಬಾರ್ಷನ್’ ಎಂದು ಬರೆದಿದ್ದಾರೆ. ಅದನ್ನು ಓದಿದಾಗಿನಿಂದ ಅವಳು ಪ್ರಾರ್ಥನೆಗೇ ಬರುತ್ತಿಲ್ಲ.

ಉತ್ತರ: ಸೊಸೆಯ ವಿಷಯವನ್ನು ನೀವು ಕೊನೆಗೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆ ಒಂದು ತಿಂಗಳು ಸಮಯವಿದೆ, ಇದು ಕಾಯುವಂಥದ್ದಲ್ಲ.

ವೈದ್ಯರ ಭಾಷೆಯಲ್ಲಿ ‘ಅಬಾರ್ಷನ್’ ಎಂದರೆ ಮಗು ಹೊರಗೆ ಬದುಕಬಲ್ಲ ಹಂತ ಮುಟ್ಟುವ ಮೊದಲೇ ಗರ್ಭ ಕೊನೆಯಾಗುವುದು, ಅಷ್ಟೇ. ಅದು ತಾನಾಗಿ ಆಯಿತೋ, ಮಾಡಿಸಿದ್ದೋ ಎಂಬುದನ್ನು ಆ ಪದ ಹೇಳುವುದಿಲ್ಲ. ಅದರ ಹಿಂದೆ ಬರುವ ಪದ ಹೇಳುತ್ತದೆ. ‘ಮಿಸ್ಡ್’ ಎಂದರೆ ಭ್ರೂಣದ ಬೆಳವಣಿಗೆ ಒಳಗೇ ನಿಂತುಹೋಗಿದೆ, ದೇಹ ಅದನ್ನಿನ್ನೂ ಹೊರಹಾಕಿಲ್ಲ. ‘ಸ್ಪಾಂಟೇನಿಯಸ್’ ಎಂದರೆ ತಾನಾಗಿ ಆದದ್ದು. ‘ಇನ್‌ಕಂಪ್ಲೀಟ್’ ಎಂದರೆ ಸ್ವಲ್ಪ ಒಳಗೇ ಉಳಿದದ್ದು. ‘ಥ್ರೆಟನ್ಡ್’ ಎಂದರೆ ಗರ್ಭ ಹೋಗುವ ಭಯವಿದೆ, ಇನ್ನೂ ಹೋಗಿಲ್ಲ; ಹಾಗೆ ಬರೆಸಿಕೊಂಡು ಮನೆಗೆ ಬಂದು, ದಿನ ತುಂಬಿ ಹೆತ್ತವರು ಎಷ್ಟೋ ಮಂದಿ ಇದ್ದಾರೆ. ಮಾಡಿಸಿಕೊಂಡದ್ದಾದರೆ ಸಾಮಾನ್ಯವಾಗಿ ‘ಇಂಡ್ಯೂಸ್ಡ್’ ಅಥವಾ ‘ಎಂಟಿಪಿ’ (ಕಾನೂನಿನ ಪ್ರಕಾರ ವೈದ್ಯರು ಮಾಡುವ ಗರ್ಭಪಾತ) ಎಂದಿರುತ್ತದೆ. ನಿಮ್ಮ ಸೊಸೆಗೆ ಕೊಟ್ಟ ಮಾತ್ರೆ ಮಿಸೊಪ್ರೊಸ್ಟಾಲ್ ಆಗಿದ್ದರೆ, ಅಥವಾ ‘ಕ್ಲೀನ್ ಮಾಡಿದೆವು’ ಎಂದಿದ್ದರೆ, ಅದೇ ಮಾತ್ರೆ, ಅದೇ ವಿಧಾನ ಮಾಡಿಸಿಕೊಳ್ಳುವ ಗರ್ಭಪಾತದಲ್ಲೂ ಬಳಕೆಯಲ್ಲಿದೆ. ಅವಳಿಗೆ ಅದನ್ನು ಕೊಟ್ಟದ್ದು ಆಗಲೇ ನಿಂತುಹೋಗಿದ್ದ ಗರ್ಭ ಒಳಗೆ ಕೊಳೆತು ನಂಜಾಗಬಾರದು ಎಂದು. ಮೊದಲ ಮೂರು ತಿಂಗಳಲ್ಲಿ ಹೀಗೆ ನಿಲ್ಲದ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕ್ರೋಮೋಸೋಮಿನ ದೋಷವೇ ಕಾರಣ. ಕೊಡ ಎತ್ತಿದ್ದು, ಬಸ್ಸಿನಲ್ಲಿ ಓಡಾಡಿದ್ದು ಕಾರಣವಲ್ಲ. ಇಷ್ಟನ್ನು ಅವಳಿಗೆ ಇವತ್ತೇ ಹೇಳಿ.

ಈ ಗೊಂದಲ ನಿಮ್ಮ ಮನೆಯದ್ದಷ್ಟೇ ಅಲ್ಲ, ಸುದ್ದಿಮನೆಯದ್ದೂ ಹೌದು. ನಮ್ಮ ಆಡುಮಾತಿಗೆ ಈ ಭೇದ ಚೆನ್ನಾಗಿ ಗೊತ್ತು: ‘ಅಬಾರ್ಷನ್ ಆಯ್ತು’ ಎಂದರೆ ಒಂದು, ‘ಮಾಡಿಸಿದ್ರು’ ಎಂದರೆ ಇನ್ನೊಂದು. ಅರ್ಥವೆಲ್ಲ ಕ್ರಿಯಾಪದದಲ್ಲಿದೆ, ತಲೆಬರಹದಲ್ಲಿ ಮೊದಲು ಬಿದ್ದುಹೋಗುವುದೂ ಕ್ರಿಯಾಪದವೇ. ಆಯುರ್ವೇದದಲ್ಲಿ ಗರ್ಭಸ್ರಾವ, ಗರ್ಭಪಾತ ಎರಡೂ ತಾನಾಗಿ ಆಗುವಂಥವು. ನಾಲ್ಕನೇ ತಿಂಗಳವರೆಗೆ ಸ್ರಾವ, ಐದು-ಆರರಲ್ಲಿ ಪಾತ. ಇಂದಿನ ಪತ್ರಿಕೆಯಲ್ಲಿ ಗರ್ಭಪಾತ ಎಂದರೆ ಮಾಡಿಸಿಕೊಂಡದ್ದು. ಇನ್ನು ‘ಭ್ರೂಣಹತ್ಯೆ’ ಎಂಬ ಪದ ನಮ್ಮಲ್ಲಿ ಹೆಣ್ಣು ಭ್ರೂಣವನ್ನು ಹುಡುಕಿ ತೆಗೆಸುವ ಅಪರಾಧಕ್ಕೆ ನಿಂತಿದೆ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲ ಸಿಕ್ಕಿಬಿದ್ದಾಗ ಬಳಸಿದ್ದು ಅದೇ ಪದ, ಅದು ಸರಿಯೂ ಆಗಿತ್ತು. ಅದನ್ನೇ ಅಮೆರಿಕದ ಸುದ್ದಿಯ ಅನುವಾದಕ್ಕೂ ಹಚ್ಚಿದರೆ ಸುದ್ದಿ ಶುರುವಾಗುವ ಮೊದಲೇ ತೀರ್ಪು ಬಂದಿರುತ್ತದೆ. ಹಾಗೆಯೇ ಅಲ್ಲಿನ ಗರ್ಭಪಾತ ವಿರೋಧಿಗಳು ತಮಗೆ ಇಟ್ಟುಕೊಂಡ ‘ಪ್ರೊ ಲೈಫ್’ ಎಂಬ ಹೆಸರನ್ನು ‘ಜೀವಪರ’ ಎಂದು ಬರೆಯುವುದು. ಕನ್ನಡದಲ್ಲಿ ಜೀವಪರ ಎಂದರೆ ಬೇರೆಯದೇ ಅರ್ಥ, ಬೇರೆಯದೇ ಬಳಗ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ವರದಿಗಾರರಿಗೆ ಎರಡೂ ಕಡೆಯವರು ತಮಗೆ ತಾವೇ ಇಟ್ಟುಕೊಂಡ ಹೆಸರನ್ನು ಬಿಟ್ಟು, ‘ಗರ್ಭಪಾತ ವಿರೋಧಿ’, ‘ಗರ್ಭಪಾತ ಹಕ್ಕಿನ ಪರ’ ಎಂದು ಬರೆಯಲು ಹೇಳುತ್ತದೆ. ನೀವೂ ಕೂಟದಲ್ಲಿ ಈ ಎರಡು ಪದಗಳನ್ನೇ ಬಳಸಿ.

ಈಗ ಬೈಬಲಿಗೆ ಬರೋಣ. ಟಿವಿಯಲ್ಲಿ ನೀವು ಕೇಳಿದ ಇಬ್ಬರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ, ಪೂರ್ತಿ ನಿಜವನ್ನೂ ಹೇಳುತ್ತಿಲ್ಲ. ಹೆಂಗಸೊಬ್ಬಳು ಬೇಕೆಂದೇ ಗರ್ಭ ತೆಗೆಸಿಕೊಳ್ಳುವುದರ ಬಗ್ಗೆ ಅರವತ್ತಾರು ಪುಸ್ತಕಗಳಲ್ಲಿ ಎಲ್ಲೂ ನೇರವಾದ ಆಜ್ಞೆಯಿಲ್ಲ. ಆ ಕಾಲದವರಿಗೆ ಅದು ಗೊತ್ತಿರಲಿಲ್ಲ ಎಂದೇನೂ ಅಲ್ಲ. ನೆರೆಯ ಅಸ್ಸೀರಿಯದ ಕಾನೂನಿನಲ್ಲಿ ತಾನೇ ಗರ್ಭ ಇಳಿಸಿಕೊಂಡವಳನ್ನು ಶೂಲಕ್ಕೇರಿಸಬೇಕು, ಹೂಳಲೂ ಬಾರದು ಎಂದಿದೆ. ಮೋಶೆಯ ಧರ್ಮಶಾಸ್ತ್ರದಲ್ಲಿ ಅಂಥದ್ದಿಲ್ಲ. ಗರ್ಭಪಾತವನ್ನು ಕಟುವಾಗಿ ವಿರೋಧಿಸಿದ ಪೋಪ್ ಎರಡನೇ ಜಾನ್ ಪಾಲ್ 1995ರ ತಮ್ಮ ವಿಶ್ವಪತ್ರದಲ್ಲಿ ಇದನ್ನು ಮುಚ್ಚಿಡಲಿಲ್ಲ: ಧರ್ಮಗ್ರಂಥ ಬೇಕೆಂದೇ ಮಾಡುವ ಗರ್ಭಪಾತದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿಲ್ಲ, ಆದರೆ ತಾಯ ಗರ್ಭದಲ್ಲಿರುವ ಮನುಷ್ಯನ ಬಗ್ಗೆ ಅದು ತೋರುವ ಗೌರವದಿಂದಾಗಿ ‘ಕೊಲ್ಲಬಾರದು’ ಎಂಬ ಆಜ್ಞೆ ಅಲ್ಲಿಗೂ ಚಾಚುತ್ತದೆ ಎಂಬುದು ಅವರ ವಾದ. ಇದು ಪ್ರಾಮಾಣಿಕವಾದ ವಾದ. ವಚನ ಯಾವುದು, ಅದರಿಂದ ತಾವು ಕಟ್ಟಿದ ತೀರ್ಮಾನ ಯಾವುದು ಎಂಬುದನ್ನು ಅವರು ಬೇರೆಬೇರೆಯಾಗಿ ಇಟ್ಟಿದ್ದಾರೆ.

ಹಾಗೆಂದು, ಹೇಳಿಲ್ಲವೆಂದರೆ ಒಪ್ಪಿದೆ ಎಂದಲ್ಲ. ಒಂದನೇ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭಕ್ಕೆ ಸೇರಿದ ‘ದಿದಖೆ’ ಎಂಬ ಕ್ರೈಸ್ತ ಬೋಧನಾ ಗ್ರಂಥ ಗರ್ಭಪಾತವನ್ನು ಹೆಸರು ಹೇಳಿಯೇ ನಿಷೇಧಿಸುತ್ತದೆ. ಅದು ಬೈಬಲಿನೊಳಗಿಲ್ಲ, ಆದರೆ ಆರಂಭದ ಸಭೆಯ ಮನಸ್ಸಿಗೆ ಸಾಕ್ಷಿ.

ನಿಜವಾದ ಜಗಳ ನಡೆಯುವುದು ವಿಮೋಚನಕಾಂಡ 21:22ರಿಂದ 25ರಲ್ಲಿ. ಟಿವಿಯಲ್ಲಿ ಇದು ಬರುವುದೇ ಅಪರೂಪ. ಇಬ್ಬರು ಗಂಡಸರು ಹೊಡೆದಾಡುವಾಗ ಪೆಟ್ಟು ಗರ್ಭಿಣಿಗೆ ತಾಗುತ್ತದೆ. ಮುಂದಿನ ಮಾತು ಹೀಬ್ರೂವಿನಲ್ಲಿ ಅಕ್ಷರಶಃ ‘ಅವಳ ಮಕ್ಕಳು ಹೊರಬಂದು, ಆಸೋನ್ ಆಗದಿದ್ದರೆ’ ಎಂದಿದೆ. ಆಸೋನ್ ಎಂದರೆ ಕೇಡು. ಆಗದಿದ್ದರೆ ದಂಡ, ಆದರೆ ಪ್ರಾಣಕ್ಕೆ ಪ್ರಾಣ, ಕಣ್ಣಿಗೆ ಕಣ್ಣು. ಕೇಡು ಯಾರಿಗೆ, ತಾಯಿಗೋ ಮಗುವಿಗೋ, ವಾಕ್ಯ ಹೇಳುವುದಿಲ್ಲ. ಮಕ್ಕಳು ಹೊರಬಂದದ್ದು ಜೀವಂತವಾಗಿಯೋ ಸತ್ತೋ, ಅದನ್ನೂ ಹೇಳುವುದಿಲ್ಲ. ಈ ಎರಡು ಖಾಲಿ ಜಾಗಗಳನ್ನು ಅನುವಾದಕರು ತುಂಬಿದ್ದಾರೆ, ಒಬ್ಬೊಬ್ಬರು ಒಂದೊಂದು ರೀತಿ.

ಕ್ರಿಸ್ತನಿಗೆ ಮುಂಚೆಯೇ ಆದ ಗ್ರೀಕ್ ಅನುವಾದ ‘ಕೇಡು’ ಎಂಬ ಪದದ ಜಾಗದಲ್ಲಿ ‘ರೂಪುಗೊಂಡ’, ‘ರೂಪುಗೊಳ್ಳದ’ ಶಿಶು ಎಂಬ ಭೇದ ತಂದಿತು: ರೂಪುಗೊಳ್ಳದಿದ್ದರೆ ದಂಡ, ರೂಪುಗೊಂಡಿದ್ದರೆ ಪ್ರಾಣಕ್ಕೆ ಪ್ರಾಣ. ಆರಂಭದ ಸಭೆಯ ದೊಡ್ಡ ಚಿಂತಕ ಆಗಸ್ಟೀನ್ ಓದಿದ್ದು ಆ ಗ್ರೀಕಿನಿಂದ ಬಂದ ಲ್ಯಾಟಿನ್ ಪಾಠವನ್ನು. ರೂಪುಗೊಂಡ-ರೂಪುಗೊಳ್ಳದ ಎಂಬ ಭೇದ ಸಭೆಯ ಚಿಂತನೆಯಲ್ಲಿ ಶತಮಾನಗಳ ಕಾಲ ಉಳಿಯಲು ಇದೂ ಒಂದು ಮೂಲ. ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ತಮ್ಮ ಅನುವಾದದಲ್ಲಿ ಬೇರೆ ದಾರಿ ಹಿಡಿದು, ಗರ್ಭ ಹೋದರೂ ‘ಅವಳು ಬದುಕಿದ್ದರೆ’ ದಂಡ ಎಂದು ಬರೆದರು. ಅಂದರೆ ಕೇಡು ತಾಯಿಗೆ. ಇಂಗ್ಲಿಷಿನ ನ್ಯೂ ಅಮೆರಿಕನ್ ಸ್ಟ್ಯಾಂಡರ್ಡ್ ಬೈಬಲ್ 1977ರ ಮುದ್ರಣದಲ್ಲಿ ‘ಗರ್ಭಸ್ರಾವವಾಗಿ, ಬೇರೆ ಹಾನಿಯಾಗದಿದ್ದರೆ’ ಎಂದಿತ್ತು. 1995ರಲ್ಲಿ ಅದೇ ಬೈಬಲ್ ‘ಅವಧಿಗೆ ಮುನ್ನ ಹೆರಿಗೆಯಾಗಿ, ಹಾನಿಯಾಗದಿದ್ದರೆ’ ಎಂದಾಯಿತು. ‘ಬೇರೆ’ ಎಂಬ ಪದ ಬಿಟ್ಟುಹೋಗಿದ್ದನ್ನು ಗಮನಿಸಿ. ಮೊದಲಿನದರಲ್ಲಿ ಮಗು ಹೋದದ್ದಕ್ಕೆ ದಂಡವಷ್ಟೇ, ಎರಡನೆಯದರಲ್ಲಿ ಮಗುವಿಗೆ ಪೆಟ್ಟಾದರೂ ಪ್ರಾಣಕ್ಕೆ ಪ್ರಾಣ.

ಎರಡೂ ಓದಿಗೆ ಆಧಾರವಿದೆ. ಅವಧಿಪೂರ್ವ ಹೆರಿಗೆ ಎನ್ನುವವರು, ‘ಹೊರಬರು’ ಎಂಬ ಕ್ರಿಯಾಪದವನ್ನು ಬೈಬಲ್ ಏಸಾವ-ಯಾಕೋಬರ ಜನನಕ್ಕೂ ಬಳಸುತ್ತದೆ, ಗರ್ಭಸ್ರಾವಕ್ಕೆ ಬೇರೆ ಪದವೇ ಇದೆ (ವಿಮೋಚನಕಾಂಡ 23:26) ಎಂದು ತೋರಿಸುತ್ತಾರೆ. ಗರ್ಭಸ್ರಾವ ಎನ್ನುವವರು, ಯಾವ ನಷ್ಟವೂ ಆಗದಿದ್ದರೆ ದಂಡ ಯಾಕೆ ಎಂದು ಕೇಳುತ್ತಾರೆ. ಜೊತೆಗೆ ಪ್ರಾಚೀನ ಬಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನವನ್ನು ಮುಂದಿಡುತ್ತಾರೆ. ಅದರಲ್ಲಿ ಸ್ವತಂತ್ರ ವರ್ಗದ ಹೆಂಗಸಿಗೆ ಹೊಡೆದು ಗರ್ಭ ಹೋದರೆ 10 ಶೆಕೆಲ್ ಬೆಳ್ಳಿ, ಹೆಂಗಸೇ ಸತ್ತರೆ ಹೊಡೆದವನ ಮಗಳಿಗೆ ಮರಣದಂಡನೆ. ಆ ನಾಡಿನ ಕಾನೂನು ಮಾತಾಡುತ್ತಿದ್ದ ರೀತಿ ನೋಡಿದರೆ ಗರ್ಭಸ್ರಾವ ಎಂಬ ಓದೇ ಹೆಚ್ಚು ಸಹಜ ಎಂದು ನನ್ನ ಅಭಿಪ್ರಾಯ. ಆದರೂ ಅದರಿಂದ ಇಂದಿನ ಗರ್ಭಪಾತಕ್ಕೆ ನೇರ ಉತ್ತರ ಸಿಗುವುದಿಲ್ಲ. ಅಲ್ಲಿರುವುದು ಹೆಂಗಸಿನ ಇಚ್ಛೆಯಿಲ್ಲದೆ ಆದ ಅಪಘಾತ.

ಅರಣ್ಯಕಾಂಡ 5ರ ವಾಟ್ಸಾಪ್ ಸಂದೇಶ ಇದಕ್ಕಿಂತ ದುರ್ಬಲ. ಗಂಡನಿಗೆ ಹೆಂಡತಿಯ ಮೇಲೆ ಅನುಮಾನ, ಸಾಕ್ಷಿಯಿಲ್ಲ. ಯಾಜಕನ ಮುಂದೆ ತರುತ್ತಾನೆ. ಏಫಾದ ಹತ್ತನೇ ಒಂದು ಪಾಲು, ಅಂದರೆ ಸುಮಾರು ಎರಡು ಲೀಟರಿನಷ್ಟು ಜವೆಗೋಧಿ ಹಿಟ್ಟು ನೈವೇದ್ಯ. ಮಣ್ಣಿನ ಪಾತ್ರೆಯಲ್ಲಿ ಪವಿತ್ರ ನೀರು, ಅದಕ್ಕೆ ಗುಡಾರದ ನೆಲದ ಧೂಳು, ಬರೆದ ಶಾಪದ ಮಸಿಯನ್ನು ಅದರಲ್ಲೇ ತೊಳೆದು ಕುಡಿಸಬೇಕು. ಪಟ್ಟಿಯಲ್ಲಿ ಇಷ್ಟೇ, ಬಸಿರಿಳಿಸುವ ಬೇರಾಗಲಿ ಸೊಪ್ಪಾಗಲಿ ಇಲ್ಲ. ಅವಳು ಗರ್ಭಿಣಿ ಎಂದು ಎಲ್ಲೂ ಹೇಳಿಲ್ಲ. ತಪ್ಪಿತಸ್ಥಳಾದರೆ ‘ಹೊಟ್ಟೆ ಉಬ್ಬಿ ತೊಡೆ ಬಿದ್ದುಹೋಗುತ್ತದೆ’ ಎಂಬುದು ಹೀಬ್ರೂ ಮಾತು. ತೊಡೆ ಎಂಬುದು ಜನನಾಂಗಕ್ಕೆ ಸಭ್ಯ ಪದವೂ ಆಗಿರುವುದರಿಂದ ಕೆಲವರು ಗರ್ಭಸ್ರಾವ ಎಂದೂ, ಕೆಲವರು ಗರ್ಭಕೋಶ ಜಾರುವುದು ಎಂದೂ, ಕೆಲವರು ಬಂಜೆತನ ಎಂದೂ ಓದುತ್ತಾರೆ. ನಿರಪರಾಧಿಯಾದರೆ ಅವಳು ಮುಂದೆ ಮಕ್ಕಳನ್ನು ಪಡೆಯುವಳು ಎಂದು 28ನೇ ವಚನ ಹೇಳುವುದರಿಂದ ಬಂಜೆತನದ ಓದಿಗೆ ಬಲ ಬರುತ್ತದೆ.

ಹಾಗಾದರೆ ಆ ಸಂದೇಶ ಎಲ್ಲಿಂದ ಬಂತು? ಇಂಗ್ಲಿಷಿನ ಇನ್ನೊಂದು ಬೈಬಲ್ ಅನುವಾದವಾದ ನ್ಯೂ ಇಂಟರ್‌ನ್ಯಾಷನಲ್ ವರ್ಷನ್ 1984ರಲ್ಲಿ ‘ತೊಡೆ ಕ್ಷಯಿಸಿ’ ಎಂದಿದ್ದುದನ್ನು 2011ರಲ್ಲಿ ‘ಗರ್ಭಸ್ರಾವವಾಗಿ’ ಎಂದು ಬದಲಿಸಿತು. ಅದೇ ಬೈಬಲ್ ವಿಮೋಚನಕಾಂಡ 21ರಲ್ಲಿ ‘ಅವಧಿಪೂರ್ವ ಹೆರಿಗೆ’ ಎಂದು ಓದುತ್ತದೆ, ‘ಗರ್ಭಸ್ರಾವ’ವನ್ನು ಅಡಿಟಿಪ್ಪಣಿಗೆ ಇಳಿಸುತ್ತದೆ. ಒಂದೇ ಅನುವಾದ ಒಂದು ಕಡೆ ವಿರೋಧಿಗಳ ಕೈಗೆ ಬಲ ಕೊಟ್ಟರೆ, ಇನ್ನೊಂದು ಕಡೆ ಹಕ್ಕಿನ ಪರದವರ ಕೈಗೆ ಕೊಡುತ್ತದೆ. ವರದಿಗಾರರು ಅನುವಾದದ ಹೆಸರು ಬರೆಯದೆ ‘ಬೈಬಲ್ ಹೇಳುತ್ತದೆ’ ಎಂದಷ್ಟೇ ಬರೆದಾಗ ಓದುಗರಿಗೆ ಇದು ತಿಳಿಯುವ ದಾರಿಯೇ ಇರುವುದಿಲ್ಲ.

ಕೀರ್ತನೆ 139, ಯೆರೆಮೀಯ 1:5, ಲೂಕ 1:41. ಇವು ಗರ್ಭದಲ್ಲಿರುವ ಕೂಸಿನ ಬಗ್ಗೆ ಅತ್ಯಂತ ಪ್ರೀತಿಯಿಂದ ಮಾತಾಡುವ ಜಾಗಗಳು. ದೇವರು ತಾಯ ಹೊಟ್ಟೆಯಲ್ಲಿ ನನ್ನನ್ನು ನೇಯ್ದ, ರೂಪುಗೊಳ್ಳುವ ಮುಂಚೆಯೇ ನೋಡಿದ ಎನ್ನುತ್ತಾನೆ ಕೀರ್ತನೆಗಾರ. ಇದು ಬರೀ ಕಾವ್ಯ ಎಂದು ತಳ್ಳಿಹಾಕುವುದು ಸರಿಯಲ್ಲ. ನಂಬಿದವರಿಗೆ ಕಾವ್ಯವೂ ದೇವರ ಮಾತೇ. ಆದರೆ ಯೆರೆಮೀಯನಿಗೆ ದೇವರು ಹೇಳುವುದು ‘ಗರ್ಭದಲ್ಲಿ ರೂಪಿಸುವುದಕ್ಕೆ ಮೊದಲೇ ನಿನ್ನನ್ನು ಬಲ್ಲೆ’ ಎಂದು. ವಿಷಯ ಅವನ ಕರೆ. ಜೀವ ಯಾವ ವಾರದಲ್ಲಿ ಶುರುವಾಗುತ್ತದೆ ಎಂಬ ಲೆಕ್ಕವಲ್ಲ. ಇತ್ತ ಆದಿಕಾಂಡ 2:7ರಲ್ಲಿ ಆದಾಮನ ಮೂಗಿಗೆ ಶ್ವಾಸ ಊದಿದ್ದನ್ನು ಹಿಡಿದು ‘ಮೊದಲ ಉಸಿರಿನಿಂದಲೇ ಮನುಷ್ಯ’ ಎನ್ನುವವರೂ ಅದೇ ತಪ್ಪನ್ನು ಮಾಡುತ್ತಾರೆ. ಆದಾಮ ಯಾರ ಗರ್ಭದಲ್ಲೂ ಇರಲಿಲ್ಲ.

ಹಳೆಯ ಒಡಂಬಡಿಕೆಯನ್ನು ಹೀಬ್ರೂವಿನಲ್ಲೇ ಓದುವ ಯೆಹೂದ್ಯರು ಬೇರೆ ಕಡೆ ತಲುಪಿದ್ದಾರೆ ಎಂಬುದನ್ನೂ ಕೂಟದಲ್ಲಿ ಹೇಳಿ. ಹೆರಿಗೆ ಕಷ್ಟವಾಗಿ ತಾಯಿಯ ಪ್ರಾಣ ಹೋಗುವಂತಿದ್ದರೆ ಒಳಗಿನ ಶಿಶುವನ್ನು ಕತ್ತರಿಸಿಯಾದರೂ ತೆಗೆಯಬೇಕು, ಅವಳ ಜೀವವೇ ಮೊದಲು; ಶಿಶುವಿನ ಹೆಚ್ಚಿನ ಭಾಗ ಹೊರಬಂದ ಮೇಲೆ ಮುಟ್ಟುವಂತಿಲ್ಲ ಎನ್ನುತ್ತದೆ ಅವರ ಪ್ರಾಚೀನ ಧರ್ಮಸಂಹಿತೆ ಮಿಷ್ನಾ.

ಇತಿಹಾಸದ ಬಗ್ಗೆಯೂ ಎರಡು ಕಟ್ಟುಕತೆಗಳು ಓಡಾಡುತ್ತಿವೆ. ‘ಕ್ರೈಸ್ತರು ಎಂದಿಗೂ ಒಂದೇ ಮಾತು ಹೇಳಿದ್ದಾರೆ’ ಎಂಬುದು ಒಂದು. ‘ಈ ವಿರೋಧವೆಲ್ಲ ಅಮೆರಿಕದ ರಾಜಕೀಯಕ್ಕಾಗಿ ಮೊನ್ನೆ ಹುಟ್ಟಿದ್ದು’ ಎಂಬುದು ಇನ್ನೊಂದು. ವಿರೋಧ ಹಳೆಯದು, ಆದರೆ ಅದರ ತೂಕ ಬದಲಾಗಿದೆ. ಕ್ಯಾಥೊಲಿಕ್ ಸಭೆ ಬಹಿಷ್ಕಾರದ ಶಿಕ್ಷೆಯಲ್ಲಿ ರೂಪುಗೊಂಡ-ರೂಪುಗೊಳ್ಳದ ಭೇದವನ್ನು ಕೈಬಿಟ್ಟದ್ದು 1869ರಲ್ಲಿ. ಅಮೆರಿಕದ ಅತಿದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು 1971ರಲ್ಲಿ ಅತ್ಯಾಚಾರ, ರಕ್ತಸಂಬಂಧಿಯಿಂದ ಗರ್ಭ, ಭ್ರೂಣದ ತೀವ್ರ ದೋಷ, ತಾಯಿಯ ದೈಹಿಕ ಮತ್ತು ಮಾನಸಿಕ ಆರೋಗ್ಯದ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನಿಗಾಗಿ ದುಡಿಯಿರಿ ಎಂದು ನಿರ್ಣಯ ಮಾಡಿದ್ದರು. 1980ರ ಹೊತ್ತಿಗೆ, ತಾಯಿಯ ಪ್ರಾಣ ಉಳಿಸಲು ಬಿಟ್ಟರೆ ಬೇಡ ಎಂದರು. ನಡುವೆ ವಚನಗಳು ಬದಲಾಗಿರಲಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ 2024ರ ಸಮೀಕ್ಷೆಯಲ್ಲಿ ಬಿಳಿಯ ಇವಾಂಜೆಲಿಕಲ್ ಪ್ರೊಟೆಸ್ಟೆಂಟರಲ್ಲಿ ಶೇ 73ರಷ್ಟು ಮಂದಿ ಎಲ್ಲ ಅಥವಾ ಹೆಚ್ಚಿನ ಸಂದರ್ಭಗಳಲ್ಲಿ ಗರ್ಭಪಾತ ಕಾನೂನುಬಾಹಿರವಾಗಿರಲಿ ಎಂದರೆ, ಕಪ್ಪು ಪ್ರೊಟೆಸ್ಟೆಂಟರಲ್ಲಿ ಶೇ 71ರಷ್ಟು ಮಂದಿ ಕಾನೂನುಬದ್ಧವಾಗಿರಲಿ ಎಂದರು. ಇಬ್ಬರ ಕೈಯಲ್ಲಿರುವುದೂ ಬೈಬಲೇ. ಆದ್ದರಿಂದ ‘ಕ್ರೈಸ್ತರು ಹೇಳುತ್ತಾರೆ’ ಎಂಬ ಸಾಲು ಕಂಡರೆ ಯಾವ ಕ್ರೈಸ್ತರು ಎಂದು ಕೇಳಿ.

ಮಗಳ ಊರಿನ ಸುದ್ದಿ ಓದುವಾಗ ಇನ್ನೂ ಮೂರು ಕಡೆ ಕಾಲು ಜಾರುತ್ತದೆ. 2022ರ ಜೂನ್ 24ರ ತೀರ್ಪನ್ನು ‘ಅಮೆರಿಕದಲ್ಲಿ ಗರ್ಭಪಾತ ನಿಷೇಧ’ ಎಂದು ಬರೆದವರಿದ್ದಾರೆ. ಸುಪ್ರೀಂ ಕೋರ್ಟ್ ನಿಷೇಧಿಸಲಿಲ್ಲ. ದೇಶಕ್ಕೆಲ್ಲ ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ‘ರೋ’ ತೀರ್ಪನ್ನು ರದ್ದುಮಾಡಿ ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಟೆಕ್ಸಾಸ್ ಬಹುತೇಕ ಪೂರ್ತಿ ನಿಷೇಧಿಸಿತು, ಕ್ಯಾಲಿಫೋರ್ನಿಯ ಅದೇ ವರ್ಷ ತನ್ನ ಸಂವಿಧಾನದಲ್ಲೇ ಹಕ್ಕನ್ನು ಬರೆದುಕೊಂಡಿತು. ಆ ತೀರ್ಪು ನಿಂತಿದ್ದು ಸಂವಿಧಾನದ ಹದಿನಾಲ್ಕನೇ ತಿದ್ದುಪಡಿಯ ಅರ್ಥದ ಮೇಲೆ, ಬೈಬಲಿನ ಮೇಲಲ್ಲ. ಎರಡನೆಯದು, ಕೆಲವು ರಾಜ್ಯಗಳ ನಿಷೇಧದಲ್ಲಿ ಗಡಿಯಾಗಿ ಬರುವ ‘ಆರು ವಾರ’. ವೈದ್ಯರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಆರು ವಾರ ಎಂದರೆ ಮುಟ್ಟು ತಪ್ಪಿ ಎರಡೇ ವಾರ, ಗರ್ಭ ಕಟ್ಟಿ ಸುಮಾರು ನಾಲ್ಕು ವಾರ. ಆಗ ಸ್ಕ್ಯಾನಿನಲ್ಲಿ ಕಾಣುವ ಮಿಡಿತವನ್ನು ಒಂದು ಕಡೆಯವರು ‘ಹೃದಯ ಬಡಿತ’ ಎನ್ನುತ್ತಾರೆ, ಇನ್ನೊಂದು ಕಡೆಯವರು ಹೃದಯ ಇನ್ನೂ ಪೂರ್ತಿ ರೂಪುಗೊಳ್ಳದ ಕಾರಣ ‘ಹೃದಯಕೋಶಗಳ ಚಟುವಟಿಕೆ’ ಎನ್ನುತ್ತಾರೆ. ವಾರದ ಸಂಖ್ಯೆಯನ್ನೇ ಬರೆಯುವುದು ನ್ಯಾಯ.

ಮೂರನೆಯದು ನ್ಯಾಯಾಲಯದ ಬಹುಮತದ ತೀರ್ಪನ್ನೂ ಒಬ್ಬ ನ್ಯಾಯಮೂರ್ತಿಯ ಪ್ರತ್ಯೇಕ ಅಭಿಪ್ರಾಯವನ್ನೂ ಕಲಸುವುದು. 2024ರ ಫೆಬ್ರುವರಿಯಲ್ಲಿ ಅಲಬಾಮ ರಾಜ್ಯದ ಸುಪ್ರೀಂ ಕೋರ್ಟ್, ಐವಿಎಫ್ ಕೇಂದ್ರದಲ್ಲಿ ಶೀತಲೀಕರಿಸಿಟ್ಟ ಭ್ರೂಣಗಳೂ ‘ಮಕ್ಕಳು’ ಎಂದಿತು. ‘ಬೈಬಲ್ ಆಧರಿಸಿ ತೀರ್ಪು’ ಎಂದು ಸುದ್ದಿಯಾಯಿತು. ಬಹುಮತದ ತೀರ್ಪು ಆಧರಿಸಿದ್ದು 1872ರಷ್ಟು ಹಿಂದಿನ, ಅಪ್ರಾಪ್ತರ ಸಾವಿಗೆ ಪರಿಹಾರ ಕೊಡಿಸುವ ರಾಜ್ಯದ ಕಾನೂನನ್ನು. ಆದಿಕಾಂಡ, ಯೆರೆಮೀಯ ಉಲ್ಲೇಖಿಸಿದ್ದು ಆಗಿನ ಮುಖ್ಯ ನ್ಯಾಯಮೂರ್ತಿ ಟಾಮ್ ಪಾರ್ಕರ್, ತಮ್ಮ ಪ್ರತ್ಯೇಕ ಬರಹದಲ್ಲಿ. ಅವರು ಹಾಗೆ ಬರೆದದ್ದು ಸುದ್ದಿಯೇ, ಆದರೆ ಅದು ತೀರ್ಪಿನ ಬುನಾದಿಯಲ್ಲ.

ಸವಿತಾ ಹಾಲಪ್ಪನವರ ವಿಷಯ ನಮ್ಮದೇ ಬೆಳಗಾವಿಯ ಮನೆಮಗಳ ವಿಷಯ, ಹಗುರಾಗಿ ಮಾತಾಡುವಂತಿಲ್ಲ. ದಂತವೈದ್ಯೆ, 31 ವರ್ಷ. 17 ವಾರದ ಗರ್ಭಿಣಿಯಾಗಿದ್ದಾಗ 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆ ಸೇರಿದರು. ನೀರು ಒಡೆಯಿತು, ಮಗು ಉಳಿಯುವುದಿಲ್ಲ ಎಂದು ಗೊತ್ತಾಯಿತು. ಗರ್ಭ ತೆಗೆಯಿರಿ ಎಂದು ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿದೆ ಎಂಬ ಕಾರಣಕ್ಕೆ ವೈದ್ಯರು ಒಪ್ಪಲಿಲ್ಲ. ನಂಜು ರಕ್ತಕ್ಕೇರಿ ಅಕ್ಟೋಬರ್ 28ರಂದು ತೀರಿಕೊಂಡರು. ‘ಇದು ಕ್ಯಾಥೊಲಿಕ್ ದೇಶ’ ಎಂಬ ಮಾತು ಜಗತ್ತಿನ ಹಲವು ಪತ್ರಿಕೆಗಳಲ್ಲಿ ತಲೆಬರಹವಾಯಿತು. ಹಾಗೆ ಹೇಳಿದ್ದು ಹೌದೆಂದು ಸೂಲಗಿತ್ತಿ ದಾದಿಯೊಬ್ಬರು 2013ರ ಸಾವಿನ ವಿಚಾರಣೆಯಲ್ಲಿ ಒಪ್ಪಿಕೊಂಡರು. ಆದರೆ ವೈದ್ಯರ ಕೈ ಕಟ್ಟಿದ್ದು ಬೈಬಲಿನ ವಚನವಲ್ಲ. ಅದು ತಾಯಿಗೂ ಹುಟ್ಟದ ಮಗುವಿಗೂ ಸಮಾನ ಜೀವದ ಹಕ್ಕು ಎಂದು 1983ರಲ್ಲಿ ಐರ್ಲೆಂಡಿನ ಸಂವಿಧಾನಕ್ಕೆ ಸೇರಿದ ಎಂಟನೇ ತಿದ್ದುಪಡಿ, ಮತ್ತು ತಾಯಿಯ ಪ್ರಾಣಕ್ಕೆ ಎಷ್ಟು ಅಪಾಯವಾದರೆ ಕೈಹಾಕಬಹುದು ಎಂಬ ಅಸ್ಪಷ್ಟತೆ. ಆರೋಗ್ಯ ಇಲಾಖೆಯ ತನಿಖೆ ಎರಡನ್ನೂ ಹೇಳಿತು: ನಂಜಿನ ಲಕ್ಷಣಗಳನ್ನು ಸರಿಯಾಗಿ ಗಮನಿಸಲಿಲ್ಲ, ಕಾನೂನಿನ ಅಂಜಿಕೆಯೂ ವೈದ್ಯರ ನಿರ್ಧಾರದ ಮೇಲೆ ಪರಿಣಾಮ ಬೀರಿತು. ಒಂದು ಬಣ ಮೊದಲನೆಯದನ್ನಷ್ಟೇ, ಇನ್ನೊಂದು ಬಣ ಎರಡನೆಯದನ್ನಷ್ಟೇ ಹರಡುತ್ತದೆ. ತಾಯಿಯ ಗಂಭೀರ ಕಾಯಿಲೆಗೆ ಚಿಕಿತ್ಸೆ ಕೊಡುವಾಗ ಮಗು ಹೋದರೂ ಆ ಚಿಕಿತ್ಸೆ ತಪ್ಪಲ್ಲ ಎಂಬುದು ಕ್ಯಾಥೊಲಿಕ್ ನೀತಿಬೋಧೆಯಲ್ಲೇ ಇದೆ. 2018ರ ಮೇ 25ರ ಜನಮತದಲ್ಲಿ ಶೇ 66.4ರಷ್ಟು ಐರಿಷ್ ಮತದಾರರು ಆ ತಿದ್ದುಪಡಿಯನ್ನು ತೆಗೆದುಹಾಕಿದರು.

ನಿಮ್ಮ ಅರ್ಧ ಗಂಟೆಗೆ ಮೂರು ದಾರಿಗಳಿವೆ. ಪಾಸ್ಟರ್ ಅವರಿಗೇ ಬಿಟ್ಟುಕೊಡಬಹುದು. ಆಗ ಹೆಂಗಸರು ಹೆಂಗಸರ ನಡುವೆ ಕೇಳುವ ಪ್ರಶ್ನೆಗಳು ಹೊರಬರುವುದಿಲ್ಲ. ಒಂದು ಪಕ್ಷ ಹಿಡಿದು ವಚನಗಳನ್ನು ಜೋಡಿಸಬಹುದು. ಸುಲಭ, ಆದರೆ ವಾಟ್ಸಾಪ್ ಜಗಳ ಕೂಟದೊಳಗೆ ಬರುತ್ತದೆ. ನಾನು ಹೇಳುವುದು ಮೂರನೆಯದು: ಒಟ್ಟಿಗೆ ಓದಿಸಿ. ಹಳೆಯ ಸತ್ಯವೇದ ಒಂದು, ಈಚಿನ ಸರಳ ಅನುವಾದ ಒಂದು, ಇಂಗ್ಲಿಷ್ ಬಲ್ಲವರಿದ್ದರೆ ಅದೂ ಒಂದು. ವಿಮೋಚನಕಾಂಡ 21:22 ಅನ್ನು ಮೂವರು ಗಟ್ಟಿಯಾಗಿ ಓದಲಿ. ಒಂದರಲ್ಲಿ ಗರ್ಭಸ್ರಾವ, ಇನ್ನೊಂದರಲ್ಲಿ ದಿನ ತುಂಬದ ಹೆರಿಗೆ ಎಂದು ಬಂದರೆ ನೀವು ವಿವರಿಸಬೇಕಾದದ್ದು ಅರ್ಧ ಮುಗಿಯುತ್ತದೆ. ಅಡಿಟಿಪ್ಪಣಿಯನ್ನು ಬಿಡಬೇಡಿ. ಆಮೇಲೆ ಕೀರ್ತನೆ 139ರ 13ರಿಂದ 16. ಅರಣ್ಯಕಾಂಡವನ್ನು ಯಾರಾದರೂ ಕೇಳಿದರೆ ಮಾತ್ರ ತೆಗೆಯಿರಿ. ಅನುಮಾನದ ಗಂಡನ ಕಥೆ ಆ ಕೋಣೆಯಲ್ಲಿ ಯಾರಿಗೆ ಎಲ್ಲಿ ತಾಗುತ್ತದೋ ಗೊತ್ತಾಗುವುದಿಲ್ಲ. ಈ ದಾರಿಯಲ್ಲಿರುವ ಅಪಾಯವೆಂದರೆ ಕೆಲವರು ‘ಹಾಗಾದರೆ ಬೈಬಲನ್ನೇ ನಂಬಬಾರದೇ’ ಎಂದು ತಳಮಳಗೊಳ್ಳುವುದು. ಅನುವಾದಕರು ಪ್ರಾಮಾಣಿಕವಾಗಿ ಒದ್ದಾಡಿದ ಜಾಗವಿದು, ಯಾರೂ ಮೋಸ ಮಾಡಿಲ್ಲ ಎಂದು ಮೊದಲೇ ಹೇಳಿಬಿಡಿ.

ನಮ್ಮ ದೇಶದ ಕಾನೂನನ್ನು ಯಾರಾದರೂ ಕೇಳಿದರೆ: 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ (ಎಂಟಿಪಿ), 2021ರ ತಿದ್ದುಪಡಿ. ನಿಗದಿತ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಹೆಂಗಸರಿಗೆ 24ರವರೆಗೆ ಇಬ್ಬರದ್ದು. ಅದಕ್ಕೂ ಮೀರಿದರೆ ಭ್ರೂಣದ ತೀವ್ರ ದೋಷಕ್ಕೆ ವೈದ್ಯಕೀಯ ಮಂಡಳಿ. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ಕಾನೂನು ಅಧಿಕಾರ ಕೊಟ್ಟವರಿಗಲ್ಲದೆ ಬೇರೆ ಯಾರಿಗೂ ವೈದ್ಯರು ಹೇಳುವಂತಿಲ್ಲ.

ನಿಮ್ಮ ಸೊಸೆಯ ಕಾರ್ಡನ್ನು ಕೇಳುವ ಹಕ್ಕು ಸಭೆಯಲ್ಲಿ ಯಾರಿಗೂ ಇಲ್ಲ, ನೀವೂ ಅದನ್ನು ಉದಾಹರಣೆಯಾಗಿ ಎತ್ತಬೇಡಿ. ಮುಂದಿನ ತಪಾಸಣೆಗೆ ಹೋದಾಗ ಅವಳೊಡನೆ ನೀವೂ ಹೋಗಿ, ‘ಇದು ತಾನಾಗಿ ನಿಂತ ಗರ್ಭವೇ ಅಲ್ಲವೇ’ ಎಂದು ವೈದ್ಯರನ್ನೇ ಕೇಳಿ. ಅವಳ ಎದುರಿಗೆ ಅವರ ಬಾಯಿಂದ ಬರಲಿ. ಕೂಟದ ಹಿಂದಿನ ದಿನ ನೀವು ಏನು ಓದಿಸುತ್ತೀರಿ ಎಂದು ಅವಳಿಗೆ ತೋರಿಸಿ. ಬರುವುದೂ ಬಿಡುವುದೂ ಅವಳಿಷ್ಟ. ಬಂದರೆ ಬಾಗಿಲ ಪಕ್ಕದ ಕುರ್ಚಿಯನ್ನು ಅವಳಿಗೆ ಇಟ್ಟಿರಿ, ಬೇಕೆನಿಸಿದಾಗ ಎದ್ದು ಹೋಗಲು ಸುಲಭವಾಗುತ್ತದೆ.